ವಳ್ಳಿಯೂರುಕಾವಿನ ಮಾತು: ಪಾಶ್ಚಾತ್ಯ ನೀತಿಮತಗಳಿಗೆ ಒಂದು ಪರೀಕ್ಷೆ

ಪಾಶ್ಚಾತ್ಯ ನೀತಿಶಾಸ್ತ್ರವನ್ನು ಕನ್ನಡದಲ್ಲಿ ಪರಿಚಯ ಮಾಡಿಕೊಡುವ ಬರಹಗಳಿಗೆ ಒಂದು ರೂಢಿ ಬೆಳೆದುಬಂದಿದೆ. ಗ್ರೀಕರದು ಒಂದು ಯುಗ, ಕ್ರೈಸ್ತರದು ಇನ್ನೊಂದು, ಆಧುನಿಕರದು ಮತ್ತೊಂದು ಎಂದು ಕಾಲವನ್ನು ವಿಂಗಡಿಸುವುದು. ಸದ್ಗುಣವಾದ, ಕರ್ತವ್ಯವಾದ, ಉಪಯುಕ್ತತಾವಾದ ಎಂದು ಮತಗಳಿಗೆ ಹೆಸರಿಡುವುದು. ಒಂದೊಂದರ ಗುಣದೋಷಗಳನ್ನು ನಾಲ್ಕಾರು ವಾಕ್ಯಗಳಲ್ಲಿ ತಿಳಿಸಿ ಮುಂದಕ್ಕೆ ಸಾಗುವುದು. ಪರೀಕ್ಷೆಗೆ ಕುಳಿತುಕೊಳ್ಳುವ ವಿದ್ಯಾರ್ಥಿಗೆ ಇದರಿಂದ ಉಪಕಾರವಾಗುವುದುಂಟು. ಆದರೆ ಈ ಮತಗಳು ಯಾವ ತೊಡಕನ್ನು ಬಿಡಿಸಲು ಹುಟ್ಟಿದುವು, ತನ್ನ ಊರಿನ ತೊಡಕೊಂದನ್ನು ಇವುಗಳ ಮುಂದಿಟ್ಟರೆ ಇವು ಏನು ಹೇಳಿಯಾವು ಎಂಬುದು ಅವನಿಗೆ ತಿಳಿಯದೆಯೆ ಹೋಗುತ್ತದೆ. ಔಷಧಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವನು ವೈದ್ಯನಾಗಲಾರನಷ್ಟೆ.

ಆದುದರಿಂದ ಪ್ರಕೃತ ಲೇಖನದಲ್ಲಿ ನಾವು ಬೇರೊಂದು ದಾರಿಯನ್ನು ಹಿಡಿದಿದ್ದೇವೆ. ನಮ್ಮ ಗಡಿಗೆ ಅಂಟಿಕೊಂಡಿರುವ ವಯನಾಡಿನಲ್ಲಿ ಬಹುಕಾಲ ನಡೆದುಬಂದ ಒಂದು ವ್ಯವಹಾರವನ್ನು ತೆಗೆದುಕೊಂಡು, ಪಶ್ಚಿಮದ ಒಂದೊಂದು ಯುಗದ ವಿಚಾರವಂತರ ಮುಂದೆಯೂ ಅದನ್ನು ಇಟ್ಟು ನೋಡಿದ್ದೇವೆ. ಇದರಿಂದ ಪಶ್ಚಿಮದವರ ಬಲಾಬಲಗಳು ಗೊತ್ತಾಗುವುದಲ್ಲದೆ, ನಮ್ಮ ನೀತಿಪಾಠಗಳ ಬಲಾಬಲಗಳೂ ಗೊತ್ತಾಗುವುವು ಎಂಬುದು ನಮ್ಮ ನಂಬಿಕೆ.

೧. ಪ್ರಶ್ನೆಯ ಸ್ವರೂಪ

ವಯನಾಡು ನಮ್ಮ ಶಾಸನಗಳಲ್ಲಿ ಬರುವ ಬಯಲ್ನಾಡು. ಸುಲ್ತಾನ್ ಬತ್ತೇರಿಗಿದ್ದ ‘ಹನ್ನೆರಡು ಬೀದಿ’ ಎಂಬ ಹೆಸರು, ಅಲ್ಲಿಯ ಜೈನ ಬಸದಿ, ಗೌಡರ ಮನೆತನಗಳು ಈ ನಾಡಿಗೂ ಕನ್ನಡಕ್ಕೂ ಇದ್ದ ನಂಟನ್ನು ಸಾರುತ್ತವೆ. ಇಲ್ಲಿಯ ಮಾನಂತವಾಡಿಯ ಸಮೀಪದಲ್ಲಿ, ಹೊಳೆಯ ದಡದಲ್ಲಿ, ವಳ್ಳಿಯೂರುಕಾವು ಎಂಬ ಭಗವತಿಯ ಕ್ಷೇತ್ರವಿದೆ. ಮೀನಮಾಸದಲ್ಲಿ ೧೪ ದಿನಗಳ ಉತ್ಸವ. ೧೯೭೦ರ ದಶಕದವರೆಗೂ ಈ ಜಾತ್ರೆಯಲ್ಲಿ ಭೂಮಾಲಿಕರು ಪಣಿಯ ಮತ್ತು ಅಡಿಯ ಜನರನ್ನು ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಮುಂಗಡವಾಗಿ ಕೊಡುತ್ತಿದ್ದ ಅಲ್ಪ ಮೊತ್ತಕ್ಕೆ ನಿಲ್ಪುಪಣವೆಂದು ಹೆಸರು. ಕನ್ನಡಿಗರಿಗೆ ಈ ಮಾತಿಗೆ ನಿಘಂಟು ಬೇಡ. ನಿಲ್ಲು ಎಂಬುದು ಧಾತು, ಪಣವೆಂದರೆ ಹಣ. ನಿಂತಿರುವುದಕ್ಕಾಗಿ ಕೊಟ್ಟ ಹಣ. ಅದನ್ನು ಹಿಡಿದವನು ಮುಂದಿನ ಉತ್ಸವದವರೆಗೆ ಒಡೆಯನನ್ನು ಬಿಟ್ಟುಹೋಗೆನೆಂದು ದೇವಿಯ ಸಾಕ್ಷಿಯಾಗಿ ಮಾತು ಕೊಡುತ್ತಿದ್ದನು.

ಅಡಿಯ ಎಂಬ ಹೆಸರಿನಲ್ಲಿಯೆ ಆ ಜನರ ಸ್ಥಿತಿ ಅಡಗಿದೆ. ನಮ್ಮ ‘ಅಡಿಯಾಳು’ ಎಂಬ ಮಾತಿನಲ್ಲಿರುವ ‘ಅಡಿ’ ಇಲ್ಲಿಯೂ ಇದೆ. ಅವರು ತಮ್ಮನ್ನು ತಾವು ರಾವುಳರೆಂದು ಕರೆದುಕೊಳ್ಳುವರು. ಕೊಡಗಿನ ಯರವರು ಇದೇ ಬಳಗದವರು. ಎಡ್ಗರ್ ಥರ್ಸ್ಟನ್ನನು ೧೯೦೯ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ಗ್ರಂಥದಲ್ಲಿ, ವಯನಾಡಿಗೆ ಬಂದ ತೋಟಗಾರರು ಭೂಮಿಯ ಜೊತೆಗೆ ಅದರ ಮೇಲೆ ವಾಸವಾಗಿದ್ದ ಪಣಿಯರನ್ನೂ ಕೊಂಡುಕೊಳ್ಳುತ್ತಿದ್ದ ಸಂಗತಿಯನ್ನು ಹೇಳಿದ್ದಾನೆ. ಒಡೆಯರ ಸಾಲಿನಲ್ಲಿ ನಾಯರರು, ಚೆಟ್ಟಿಗಳು ಇದ್ದಂತೆ ಕನ್ನಡ ಮೂಲದ ಗೌಡರೂ ಇದ್ದರು. ಆದುದರಿಂದ ಇದು ನೆರೆಯವರ ಮನೆಯ ಮಾತೆಂದು ನಾವು ಸುಮ್ಮನಿರುವಂತಿಲ್ಲ.

ಈಗ ಪ್ರಶ್ನೆ ಇದು. ನಡುವರ್ಷದಲ್ಲಿ ಒಡೆಯನನ್ನು ಬಿಟ್ಟು, ಇರುಳಿನಲ್ಲಿ ಕಾಡುದಾರಿ ಹಿಡಿದು ಕೊಡಗಿಗೆ ಹೊರಟುಹೋದ ಅಡಿಯನೊಬ್ಬನನ್ನು ಊಹಿಸಿಕೊಳ್ಳೋಣ. ಅವನು ಹಣ ಹಿಡಿದಿದ್ದಾನೆ, ಮಾತು ಕೊಟ್ಟಿದ್ದಾನೆ, ದೇವಿಯನ್ನು ಸಾಕ್ಷಿಯಾಗಿಟ್ಟಿದ್ದಾನೆ. ಅವನು ಮಾಡಿದ್ದು ತಪ್ಪೆ?

ಕನ್ನಡದ ಮನಸ್ಸಿಗೆ ಇದು ಸುಲಭವಾದ ಪ್ರಶ್ನೆಯಲ್ಲ. ರಾಘವಾಂಕನ ಹರಿಶ್ಚಂದ್ರನು ತೀರಿಸಬೇಕಾದ ಹೊನ್ನಿಗಾಗಿ ಹೆಂಡತಿ ಮಕ್ಕಳನ್ನು ಮಾರಿದನು, ತನ್ನನ್ನೂ ಮಾರಿಕೊಂಡನು. ಆ ಕಾರಣಕ್ಕಾಗಿಯೆ ಅವನನ್ನು ನಾವು ಪೂಜಿಸುತ್ತೇವೆ. ಗೋವಿನ ಹಾಡಿನ ಪುಣ್ಯಕೋಟಿ ಕೊಟ್ಟ ಮಾತಿಗಾಗಿ ಹುಲಿಯ ಗವಿಗೆ ಮರಳಿ ಬಂದಿತು. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂದು ಹಿರಿಯರು ಹೇಳುತ್ತಾರೆ. ಹೀಗೆ ಬೆಳೆದ ನಾವು ಓಡಿಹೋದವನನ್ನು ನಿಯತ್ತಿಲ್ಲದವನೆಂದು ಕರೆಯಲು ಹಿಂದೆಗೆಯುವುದಿಲ್ಲ. ಪಶ್ಚಿಮದವರು ಏನೆನ್ನುವರು?

೨. ಗ್ರೀಕರು ಮತ್ತು ರೋಮನರು

ಪ್ಲೇಟೊವಿನ ‘ರಿಪಬ್ಲಿಕ್’ ಸಂವಾದವು ಸಾಲದ ಮಾತಿನಿಂದಲೆ ಆರಂಭವಾಗುವುದು ಗಮನಾರ್ಹ. ಸತ್ಯವನ್ನು ನುಡಿಯುವುದು, ಪಡೆದುದನ್ನು ಹಿಂದಿರುಗಿಸುವುದು, ಇಷ್ಟೇ ನ್ಯಾಯವೆಂದು ವೃದ್ಧ ಕೆಫಾಲಸನ ಅಭಿಪ್ರಾಯ. ಸಾಕ್ರಟೀಸನು ಕೂಡಲೆ ಕೇಳುತ್ತಾನೆ: ಸ್ನೇಹಿತನೊಬ್ಬನು ಬುದ್ಧಿ ಸರಿಯಾಗಿದ್ದಾಗ ಆಯುಧವನ್ನು ನಿನ್ನಲ್ಲಿಟ್ಟು, ಹುಚ್ಚು ಹಿಡಿದಾಗ ಬಂದು ಕೇಳಿದರೆ ಕೊಡುವೆಯಾ? ಕೊಡುವುದು ಸರಿಯಲ್ಲವೆಂದು ಇಬ್ಬರೂ ಒಪ್ಪುತ್ತಾರೆ. ಋಣವನ್ನು ತೀರಿಸುವುದು ನೀತಿಯ ಒಂದು ಭಾಗ, ಅದೇ ನೀತಿಯ ಪೂರ್ಣ ಲಕ್ಷಣವಲ್ಲವೆಂಬುದು ಪಾಶ್ಚಾತ್ಯ ನೀತಿಶಾಸ್ತ್ರದ ಹೊಸಿಲಿನಲ್ಲಿಯೆ ಸಿದ್ಧವಾಯಿತು.

‘ಕ್ರಿಟೋ’ ಸಂವಾದವು ಇನ್ನೂ ಹತ್ತಿರದ್ದು. ಕ್ರಿ. ಪೂ. ೩೯೯ರಲ್ಲಿ ಮರಣದಂಡನೆಗೆ ಗುರಿಯಾದ ಸಾಕ್ರಟೀಸನಿಗೆ ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಅವಕಾಶವಿತ್ತು. ತಾನು ಅಥೆನ್ಸಿನ ಕಾನೂನುಗಳೊಡನೆ ಒಪ್ಪಂದ ಮಾಡಿಕೊಂಡವನೆಂದು ಹೇಳಿ ಅವನು ಒಲ್ಲದೆ ಹೋದನು. ಈತ ಗ್ರೀಕರ ಪುಣ್ಯಕೋಟಿಯೆಂದು ನಮ್ಮ ತರಗತಿಗಳಲ್ಲಿ ಹೇಳಿ ಮುಗಿಸುವುದುಂಟು. ಆದರೆ ಆ ಒಪ್ಪಂದವು ಏಕೆ ಅವನನ್ನು ಕಟ್ಟಿತೆಂಬುದನ್ನು ಸಂವಾದವೆ ವಿವರಿಸುತ್ತದೆ: ಅವನಿಗೆ ಬಲಾತ್ಕಾರವಾಗಿರಲಿಲ್ಲ, ಮೋಸವಾಗಿರಲಿಲ್ಲ, ಅವಸರದಲ್ಲಿ ಒಪ್ಪಬೇಕಾಗಿರಲಿಲ್ಲ, ಇಷ್ಟವಿಲ್ಲದಿದ್ದರೆ ಬೇರೆ ಊರಿಗೆ ಹೋಗಲು ೭೦ ವರ್ಷಗಳ ಅವಕಾಶವಿತ್ತು. ವಳ್ಳಿಯೂರುಕಾವಿನ ಅಡಿಯನಿಗೆ ಇವುಗಳಲ್ಲಿ ಯಾವುದು ಇತ್ತು? ಸಾಕ್ರಟೀಸನನ್ನು ಕಟ್ಟಿದ ಕಾರಣವೆ ಅಡಿಯನನ್ನು ಬಿಡಿಸುತ್ತದೆ. ಆದರ್ಶವನ್ನು ಹೇಳಿ ಅದರ ಷರತ್ತನ್ನು ಬಿಟ್ಟುಬಿಡುವುದು ನಮ್ಮ ನೀತಿಪಾಠಗಳ ಮೊದಲನೆಯ ದೋಷ.

ಅರಿಸ್ಟಾಟಲನು ಸದ್ಗುಣವಾದದ ಆಚಾರ್ಯ. ಮನುಷ್ಯನ ಶ್ರೇಯಸ್ಸು ಒಳ್ಳೆಯ ಶೀಲದಲ್ಲಿದೆ, ಶೀಲವು ಅಭ್ಯಾಸದಿಂದ ಬರುತ್ತದೆ, ಅತಿಗಳ ನಡುವಣ ಹದವೇ ಗುಣ ಎಂಬ ಅವನ ವಿವೇಚನೆ ಇಂದಿಗೂ ಹಳಸಿಲ್ಲ. ಬಿರುಗಾಳಿಯಲ್ಲಿ ಸರಕನ್ನು ಕಡಲಿಗೆ ಎಸೆಯುವ ನಾವಿಕನ ಕೆಲಸವು ಇಚ್ಛೆಯಿಂದ ಆದದ್ದೆ, ಇಚ್ಛೆಯಿಲ್ಲದೆ ಆದದ್ದೆ ಎಂದು ಅವನು ಕೇಳಿದ್ದಾನೆ. ಮಳೆಗಾಲವು ಮುಂದಿರುವಾಗ ಬರಿಗೈಯಲ್ಲಿ ನಿಂತು ನಿಲ್ಪುಪಣಕ್ಕೆ ಕೈಯೊಡ್ಡಿದವನ ಸ್ಥಿತಿ ಇದೇ. ಹೀಗೆ ಸೂಕ್ಷ್ಮವಾಗಿ ನೋಡಬಲ್ಲ ಅರಿಸ್ಟಾಟಲನೆ ‘ಪಾಲಿಟಿಕ್ಸ್’ ಗ್ರಂಥದಲ್ಲಿ, ಕೆಲವರು ಹುಟ್ಟಿನಿಂದಲೆ ದಾಸರೆಂದೂ ದಾಸನು ಜೀವವಿರುವ ಉಪಕರಣವೆಂದೂ ಬರೆದನು. ಸದ್ಗುಣಗಳ ಪಟ್ಟಿಯನ್ನು ಕಲಿಸಿ ಈ ಮಾತನ್ನು ಮುಚ್ಚಿಟ್ಟರೆ ಅರ್ಧ ಅರಿಸ್ಟಾಟಲನನ್ನು ಮಾತ್ರ ಕಲಿಸಿದಂತಾಗುತ್ತದೆ. ಶ್ರೇಯೋಜೀವನಕ್ಕೆ ಬೇಕಾದ ಬಿಡುವನ್ನು ಒಡೆಯನಿಗೆ ಒದಗಿಸುತ್ತಿದ್ದುದು ಆ ಉಪಕರಣದ ದುಡಿಮೆ.

ಸ್ಟೋಯಿಕರು ಈ ಗೋಡೆಯನ್ನು ಒಳಗಿನಿಂದ ಒಡೆದರು. ಅವರಲ್ಲಿ ಎಪಿಕ್ಟೀಟಸನು ಹುಟ್ಟು ದಾಸ, ಮಾರ್ಕಸ್ ಆರೀಲಿಯಸನು ಚಕ್ರವರ್ತಿ; ಇಬ್ಬರಿಗೂ ಒಂದೇ ಶಾಸ್ತ್ರ. ಆದರೆ ಮನಸ್ಸಿನ ಬಿಡುಗಡೆಯನ್ನು ಬೋಧಿಸಿದ ಆ ಶಾಸ್ತ್ರ ಕಾಲಿನ ಸಂಕೋಲೆಯನ್ನು ಕಳಚುವ ಕೆಲಸಕ್ಕೆ ಕೈಹಾಕಲಿಲ್ಲ. ಸ್ಟೋಯಿಕರಿಂದ ಪ್ರಭಾವಿತನಾದ ಸಿಸಿರೊ, ಕ್ರಿ. ಪೂ. ೪೪ರಲ್ಲಿ ಬರೆದ ಕರ್ತವ್ಯಗಳ ಗ್ರಂಥದಲ್ಲಿ, ಶತ್ರುಗಳಿಗೆ ಕೊಟ್ಟ ಮಾತಿಗಾಗಿ ಕಾರ್ತೇಜಿಗೆ ಮರಳಿಹೋದ ರೆಗ್ಯುಲಸನನ್ನು ಹೊಗಳಿದ್ದಾನೆ. ಈತ ರೋಮನರ ಹರಿಶ್ಚಂದ್ರ. ಆದರೆ ಅದೇ ಭಾಗದಲ್ಲಿ ಸಿಸಿರೊ, ಕಡಲುಗಳ್ಳರಿಗೆ ಪ್ರಾಣಭಯದಿಂದ ಒಪ್ಪಿದ ಹಣವನ್ನು ಕೊಡದಿದ್ದರೆ ವಚನಭಂಗವಲ್ಲವೆಂದೂ ಹೇಳುತ್ತಾನೆ. ಮಾತು ಯಾರಿಗೆ ಕೊಟ್ಟದ್ದು ಎಂಬ ವಿಚಾರವನ್ನು ಇಲ್ಲಿ ತೂಗಲಾಗಿದೆ.

೩. ಮಧ್ಯಯುಗ

ಮಧ್ಯಯುಗವನ್ನು ಕತ್ತಲೆಯ ಕಾಲವೆಂದು ಒಂದೇ ವಾಕ್ಯದಲ್ಲಿ ದಾಟಿಬಿಡುವ ಅಭ್ಯಾಸ ಸರಿಯಲ್ಲ. ದಾಸ್ಯವು ಪ್ರಕೃತಿಸಿದ್ಧವಲ್ಲ, ಅದು ಪಾಪದ ಫಲವೆಂದು ಸಂತ ಅಗಸ್ಟೀನನು ಹೇಳಿದಾಗ ಅರಿಸ್ಟಾಟಲನ ಒಂದು ಕಂಬ ಸಡಿಲಿತು. ಆದರೂ ದಾಸನು ಸಹಿಸಿಕೊಂಡಿರಬೇಕೆಂಬುದೆ ಅವನ ಉಪದೇಶ.

ನಮ್ಮ ಪ್ರಶ್ನೆಯಲ್ಲಿ ದೇವಿಯ ಸಾಕ್ಷಿ ಇರುವುದರಿಂದ ತಾಮಸ್ ಅಕ್ವಿನಾಸನ (೧೨೨೫–೧೨೭೪) ವಿಚಾರ ನಮಗೆ ತೀರ ಪ್ರಕೃತವಾದುದು. ಬಲಾತ್ಕಾರದಿಂದ ಮಾಡಿದ ಆಣೆಯಲ್ಲಿ ಎರಡು ಕಟ್ಟುಗಳಿವೆಯೆಂದು ಅವನ ವಾದ. ಮನುಷ್ಯನಿಗೆ ಕೊಟ್ಟ ಮಾತಿನ ಕಟ್ಟು ಒಂದು. ಅದನ್ನು ಬಲಾತ್ಕಾರವೆ ಹರಿಯುತ್ತದೆ, ಏಕೆಂದರೆ ಬಲಾತ್ಕರಿಸಿದವನು ಆ ಮಾತಿಗೆ ಅರ್ಹನಲ್ಲ. ದೇವರ ಮುಂದಿನ ಕಟ್ಟು ಇನ್ನೊಂದು. ಅದು ಅಂತಃಕರಣದಲ್ಲಿ ಉಳಿಯುತ್ತದೆ. ಆದರೆ ಹಾಗೆ ಕೊಟ್ಟದ್ದನ್ನು ಅವನು ನ್ಯಾಯಸ್ಥಾನದಲ್ಲಿ ಮರಳಿ ಕೇಳಬಹುದು. ಒಡೆಯನ ಜಾಣತನವು ಇದರಿಂದ ಬಯಲಾಗುತ್ತದೆ. ಮನುಷ್ಯರ ನಡುವೆ ನಿಲ್ಲಲಾರದ ಕರಾರನ್ನು ಅವನು ದೇವಿಯ ಕೈಯಲ್ಲಿ ಹಿಡಿಸಿದನು. ಅಡಿಯನನ್ನು ಕಟ್ಟಿದ್ದು ಅವನ ಭಕ್ತಿ. ಯಾರ ಮನಸ್ಸಿನಲ್ಲಿ ದೇವರ ಭಯ ಹೆಚ್ಚಿತ್ತೋ ಅವನೇ ಹೆಚ್ಚು ಬಿಗಿಯಾಗಿ ಕಟ್ಟುಬಿದ್ದನು.

೪. ಒಪ್ಪಂದವಾದಿಗಳು

ಆಧುನಿಕ ಯುಗವು ಒಪ್ಪಂದವನ್ನು ನೀತಿಯ ನಡುಮನೆಗೆ ತಂದಿತು. ಹಾಬ್ಸನು ೧೬೫೧ರಲ್ಲಿ, ಭಯದಿಂದ ಮಾಡಿದ ಒಪ್ಪಂದವೂ ಒಪ್ಪಂದವೇ ಎಂದು ವಾದಿಸಿದನು. ಪಶ್ಚಿಮದವರಲ್ಲಿ ನಮ್ಮ ಒಡೆಯನಿಗೆ ನಿಜವಾಗಿ ವಕೀಲನಾಗಬಲ್ಲವನು ಈತ. ಲಾಕನು, ಯಾವನೂ ಒಪ್ಪಂದದ ಮೂಲಕ ತನ್ನನ್ನು ದಾಸನನ್ನಾಗಿ ಮಾಡಿಕೊಳ್ಳಲಾರನೆಂದನು; ಆದರೆ ಆಫ್ರಿಕದ ದಾಸವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪೆನಿಯಲ್ಲಿ ಆತನಿಗೆ ಪಾಲು ಇತ್ತು. ರೂಸೊ ೧೭೬೨ರಲ್ಲಿ, ದಾಸ್ಯ ಮತ್ತು ಹಕ್ಕು ಎಂಬ ಎರಡು ಮಾತುಗಳೆ ಪರಸ್ಪರ ವಿರುದ್ಧವೆಂದು ಸಾಧಿಸಿದನು.

ಇವರೆಲ್ಲರಿಗಿಂತ ಹ್ಯೂಮನ ದೃಷ್ಟಿ ನಮ್ಮ ಗದ್ದೆಬಯಲಿಗೆ ಹತ್ತಿರ. ೧೭೪೮ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವನು ಕೇಳುತ್ತಾನೆ: ದಿನದ ಕೂಲಿಯಿಂದ ದಿನವನ್ನು ನೂಕುವ, ಬೇರೆ ನಾಡಿನ ಮಾತು ನಡತೆಗಳನ್ನು ತಿಳಿಯದ ಬಡ ರೈತನೊಬ್ಬನು ಊರನ್ನು ಬಿಟ್ಟುಹೋಗದೆ ಇರುವುದರಿಂದ ಅವನು ಒಪ್ಪಿದ್ದಾನೆಂದು ಹೇಳಬಹುದೆ? ನಿದ್ದೆಯಲ್ಲಿದ್ದಾಗ ಹಡಗಿಗೆ ಹೊತ್ತು ಹಾಕಲ್ಪಟ್ಟವನು ಕಡಲಿಗೆ ಹಾರದೆ ಇದ್ದಮಾತ್ರಕ್ಕೆ ಹಡಗಿನ ಯಜಮಾನನ ಅಧಿಕಾರವನ್ನು ಒಪ್ಪಿದಂತಾಗುವುದೆ? ಒಡೆಯನ ಹೊಲದ ಅಂಚಿನ ಗುಡಿಸಲಿನಲ್ಲಿ ಹುಟ್ಟಿದ ಅಡಿಯರ ಮಗು ಇಂಥ ಹಡಗಿನಲ್ಲಿ ಕಣ್ಣು ತೆರೆಯುತ್ತದೆ.

೫. ಕಾಂಟ್ ಮತ್ತು ಮಿಲ್

ಕಾಂಟನ ಕರ್ತವ್ಯವಾದವನ್ನು ಕಲಿಸುವಾಗ ಎಲ್ಲರೂ ಕೊಡುವ ಉದಾಹರಣೆ ಸುಳ್ಳು ಮಾತಿನದು. ಹಣದ ತೊಂದರೆಯಲ್ಲಿರುವವನು, ತೀರಿಸಲಾಗದೆಂದು ತಿಳಿದೂ, ತೀರಿಸುವೆನೆಂದು ಹೇಳಿ ಸಾಲ ಮಾಡುವುದು ಸರಿಯೆ? ಎಲ್ಲರೂ ಹೀಗೆ ಮಾಡಿದರೆ ಮಾತಿಗೆ ಅರ್ಥವೆ ಉಳಿಯದಾದುದರಿಂದ ಸರಿಯಲ್ಲವೆಂದು ೧೭೮೫ರ ಗ್ರಂಥದಲ್ಲಿ ಅವನು ಉತ್ತರ ಹೇಳಿದನು. ಅಧ್ಯಾಪಕನು ಪಾಠವನ್ನು ಇಲ್ಲಿಗೆ ನಿಲ್ಲಿಸಿದರೆ ಅಡಿಯನು ಅಪರಾಧಿ. ಆದರೆ ಅದೇ ಗ್ರಂಥದಲ್ಲಿ ಎರಡನೆಯ ಸೂತ್ರವೂ ಇದೆ: ತನ್ನಲ್ಲಾಗಲಿ ಇತರರಲ್ಲಾಗಲಿ ಮನುಷ್ಯತ್ವವನ್ನು ಬರಿಯ ಸಾಧನವಾಗಿ ಬಳಸದೆ ಸಾಧ್ಯವಾಗಿಯೂ ಕಾಣಬೇಕು. ಈ ಸೂತ್ರವನ್ನು ಕೈಯಲ್ಲಿ ಹಿಡಿದು ಜಾತ್ರೆಗೆ ಹೋದರೆ ಮಾತು ಕೊಟ್ಟವನಿಗಿಂತ ಮೊದಲು ಮಾತು ತೆಗೆದುಕೊಂಡವನನ್ನು ವಿಚಾರಿಸಬೇಕಾಗುತ್ತದೆ. ೧೭೯೭ರಲ್ಲಿ ಕಾಂಟನು, ತನ್ನ ವ್ಯಕ್ತಿತ್ವವನ್ನೆ ಕಳೆದುಕೊಳ್ಳುವಂಥ ಕರಾರು ಕರಾರೇ ಅಲ್ಲವೆಂದು ಸ್ಪಷ್ಟಪಡಿಸಿದನು. ಆದರೆ ಅದೇ ೧೭೯೭ರ ಗ್ರಂಥದಲ್ಲಿ, ಇತರರ ಅಧೀನದಲ್ಲಿ ದುಡಿಯುವವರಿಗೆ ಪೂರ್ಣ ಪೌರತ್ವ ಸಲ್ಲದೆಂದೂ ಬರೆದನು; ಅಂಥವರಿಗೆ ಉದಾಹರಣೆಯಾಗಿ, ಸುತ್ತಿಗೆ ಅಡಿಗಲ್ಲು ತಿದಿಗಳನ್ನು ಹೊತ್ತು ಮನೆಮನೆಗೆ ಹೋಗಿ ಕೆಲಸ ಮಾಡುವ ಭಾರತದ ಕಮ್ಮಾರನನ್ನು ಹೆಸರಿಸಿದನು. ಜಗತ್ತಿಗೆಲ್ಲ ಅನ್ವಯಿಸುವ ಸೂತ್ರವನ್ನು ರಚಿಸಿದವನ ಲೆಕ್ಕದಲ್ಲಿಯೂ ನಮ್ಮ ಕಮ್ಮಾರನು ಹೊರಗೆ ಉಳಿದನು.

ಉಪಯುಕ್ತತಾವಾದವನ್ನು ನಮ್ಮಲ್ಲಿ ‘ಬಹುಜನರ ಬಹುಸುಖ’ ಎಂದು ಸಂಗ್ರಹಿಸುವುದುಂಟು. ಈ ಸಂಗ್ರಹದಲ್ಲಿ ಅಪಾಯವಿದೆ. ನಾಟಿಗೆ ಆಳು ಖಚಿತ, ನಾಡಿಗೆ ಭತ್ತ ಖಚಿತ, ದುಡಿಯುವವನಿಗೂ ಗಂಜಿ ಖಚಿತ. ಆದುದರಿಂದ ನಿಲ್ಪುಪಣವು ಒಳ್ಳೆಯದೆಂದು ಒಡೆಯನು ಲೆಕ್ಕ ಒಪ್ಪಿಸಬಹುದು. ಬೆಂಥಮನ ನಿಯಮವೆಂದು ಮಿಲ್ಲನು ಹೇಳಿರುವ ಮಾತು ಈ ಲೆಕ್ಕಕ್ಕೆ ತಡೆ: ಪ್ರತಿಯೊಬ್ಬನೂ ಒಂದೆಂದೇ ಎಣಿಕೆಯಾಗಬೇಕು, ಯಾರೂ ಒಂದಕ್ಕಿಂತ ಹೆಚ್ಚಾಗಿ ಅಲ್ಲ. ಅಡಿಯನ ಹಸಿವನ್ನೂ ಅವಮಾನವನ್ನೂ ಒಡೆಯನ ನಷ್ಟದಷ್ಟೆ ತೂಕಕ್ಕೆ ಹಾಕಿದಾಗ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ.

ಜಾನ್ ಸ್ಟುಅರ್ಟ್ ಮಿಲ್ಲನಿಗೆ ನಮ್ಮ ನಾಡಿನೊಡನೆ ಸಂಬಂಧವಿದ್ದುದನ್ನು ನೆನೆಯಬೇಕು. ೧೮೨೩ರಿಂದ ೧೮೫೮ರವರೆಗೆ ಅವನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕರನಾಗಿದ್ದನು. ೧೮೦೫ರಲ್ಲಿ ಪಳಶ್ಶಿರಾಜನು ಮಡಿದ ಮೇಲೆ ವಯನಾಡು ಅದೇ ಕಂಪೆನಿಯ ಕೈಯಲ್ಲಿ ಭದ್ರವಾಗಿ ಸೇರಿತ್ತು. ೧೮೪೩ರ ಐದನೆಯ ಕಾಯ್ದೆಯಿಂದ ಕಂಪೆನಿಯ ಸೀಮೆಗಳಲ್ಲಿ ದಾಸ್ಯಕ್ಕೆ ಕಾನೂನಿನ ಮನ್ನಣೆ ತಪ್ಪಿತು. ೧೮೫೯ರಲ್ಲಿ ಮಿಲ್ಲನು ತನ್ನ ಸ್ವಾತಂತ್ರ್ಯ ಗ್ರಂಥದಲ್ಲಿ, ಸ್ವತಂತ್ರವಾಗಿ ಇರದೆ ಇರುವ ಸ್ವಾತಂತ್ರ್ಯವನ್ನು ಯಾರಿಗೂ ಕೊಡಲಾಗದು, ಆದುದರಿಂದ ತನ್ನನ್ನು ಮಾರಿಕೊಳ್ಳುವ ಕರಾರು ನಿಲ್ಲದೆಂದು ವಾದಿಸಿದನು. ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಪಶ್ಚಿಮದಲ್ಲಿ ದೊರೆಯದು. ಆದರೆ ಅದೇ ಗ್ರಂಥದ ಆರಂಭದಲ್ಲಿ, ಹಿಂದುಳಿದ ಸಮಾಜಗಳಿಗೆ ಈ ತತ್ತ್ವ ಅನ್ವಯಿಸದೆಂದು ಅವನೇ ಬೇಲಿ ಹಾಕಿದನು. ಇತ್ತ ೧೮೪೩ರ ಕಾಯ್ದೆಯಾದ ಮೇಲೂ ನೂರಕ್ಕೂ ಹೆಚ್ಚು ವರ್ಷ ವಳ್ಳಿಯೂರುಕಾವಿನ ಚೌಕಾಸಿ ನಡೆಯುತ್ತಲೆ ಇತ್ತು. ದಾಸ್ಯವು ಸಾಲದ ವೇಷ ಧರಿಸಿದ್ದರಿಂದ ಕಾನೂನಿನ ಕಣ್ಣಿಗೆ ಬೀಳಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೨೩ನೆಯ ವಿಧಿ ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿತು. ಸಾಲದ ವೇಷವನ್ನು ಕಳಚಲು ೧೯೭೬ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯೆ ಬರಬೇಕಾಯಿತು.

೬. ಈಚಿನವರು

ನೀಟ್ಷೆ ೧೮೮೭ರಲ್ಲಿ ನೀತಿಯ ವಂಶಾವಳಿಯನ್ನು ಕುರಿತು ಬರೆಯುತ್ತ ಒಂದು ಸೂಕ್ಷ್ಮವನ್ನು ತೋರಿಸಿದನು. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ಅಪರಾಧಕ್ಕೂ ಒಂದೇ ಮಾತು. ಮಾತು ಕೊಡಬಲ್ಲ ಪ್ರಾಣಿಯಾಗಿ ಮನುಷ್ಯನು ಪಳಗಿದ್ದು ಸಾಲಗಾರನ ಮೈಮೇಲೆ ಬಿದ್ದ ಪೆಟ್ಟುಗಳಿಂದ ಎಂಬುದು ಅವನ ಊಹೆ. ಅವನ ಮತವನ್ನೆಲ್ಲ ನಾವು ಒಪ್ಪಲಾರೆವು. ಒಡೆಯರ ನೀತಿಯನ್ನು ಅವನು ಹೊಗಳಿದ ರೀತಿ ನಮಗೆ ಹಿಡಿಸದು. ಆದರೆ ಈ ಸೂಕ್ಷ್ಮವು ಕನ್ನಡಕ್ಕೂ ಸಲ್ಲುತ್ತದೆ. ಅನ್ನದ ಋಣ, ಉಪ್ಪಿನ ಋಣ, ಭೂಮಿಯ ಋಣ ಎನ್ನುವ ನಮ್ಮ ಭಾಷೆಯಲ್ಲಿ ಕಾಂಟನ ‘ಕರ್ತವ್ಯ’ವನ್ನು ಬೋಧಿಸಿದಾಗ ಅದು ತಿಳಿಯದಂತೆಯೆ ಋಣದ ಬಣ್ಣ ತಾಳುತ್ತದೆ. ಅವನ ಕರ್ತವ್ಯವು ವಿವೇಕವು ತನಗೆ ತಾನೆ ವಿಧಿಸಿಕೊಂಡ ನಿಯಮ; ನಮ್ಮ ಕಿವಿಗೆ ಅದು ಒಡೆಯನಿಗೆ ತೀರಿಸಬೇಕಾದ ಬಾಕಿಯಂತೆ ಕೇಳಿಸುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟದ ಸಾಲವನ್ನು ತೀರಿಸುವುದು ಚೋಮನ ಮನಸ್ಸಿಗೆ ಧರ್ಮವಾಗಿತ್ತು. ಅದಕ್ಕೆ ಮಕ್ಕಳನ್ನು ತೆತ್ತನು.

ಇಪ್ಪತ್ತನೆಯ ಶತಮಾನದಲ್ಲಿ ರಾಸ್ ಪಂಡಿತನು ೧೯೩೦ರಲ್ಲಿ, ಮಾತನ್ನು ಉಳಿಸಿಕೊಳ್ಳುವುದು ಹಲವು ಕರ್ತವ್ಯಗಳಲ್ಲಿ ಒಂದು, ಅದಕ್ಕಿಂತ ಭಾರವಾದುದು ಎದುರಾದಾಗ ಅದು ಹಿಂದೆ ಸರಿಯಬೇಕೆಂದನು. ರಾಲ್ಸನು ೧೯೭೧ರಲ್ಲಿ ಪ್ರಶ್ನೆಯನ್ನು ವ್ಯಕ್ತಿಯಿಂದ ವ್ಯವಸ್ಥೆಗೆ ತಿರುಗಿಸಿದನು: ನಾನು ಒಡೆಯನಾಗಿ ಹುಟ್ಟುವೆನೋ ಅಡಿಯನಾಗಿ ಹುಟ್ಟುವೆನೋ ತಿಳಿಯದಿರುವಾಗ ಯಾವ ನಿಯಮವನ್ನು ಒಪ್ಪುವೆನು? ವ್ಯವಸ್ಥೆಯೆ ಅನ್ಯಾಯದ್ದಾದರೆ ಅದರೊಳಗೆ ಕೊಟ್ಟ ಮಾತು ಕಟ್ಟುವುದಿಲ್ಲ. ೧೯೫೮ರಲ್ಲಿ ಆನ್ಸ್ಕೂಮ್, ೧೯೮೧ರಲ್ಲಿ ಮ್ಯಾಕಿಂಟೈರ್ ಅರಿಸ್ಟಾಟಲನ ಸದ್ಗುಣವಾದದ ಕಡೆಗೆ ಮತ್ತೆ ಗಮನ ಸೆಳೆದರು. ದಾಸನ ಅಧ್ಯಾಯವನ್ನು ಕಳಚಿದ ಈ ಸದ್ಗುಣವಾದಕ್ಕೆ ನಮ್ಮ ಜಾತ್ರೆಯಲ್ಲಿ ಒಂದು ಕೆಲಸವಿದೆ: ಹಸಿದವನಿಂದ ಇಂಥ ಮಾತನ್ನು ತೆಗೆದುಕೊಳ್ಳುವವನು ಎಂಥ ಮನುಷ್ಯ ಎಂದು ಕೇಳುವುದು.

೭. ಉಪಸಂಹಾರ

ಇಷ್ಟರಿಂದ ನಾವು ಕಂಡದ್ದೇನು? ಕೊಟ್ಟ ಮಾತನ್ನು ಕಡೆಗಣಿಸು ಎಂದು ಇವರಲ್ಲಿ ಗಣ್ಯನಾದ ಯಾವನೂ ಹೇಳಿಲ್ಲ. ಹಾಬ್ಸನೊಬ್ಬನನ್ನು ಬಿಟ್ಟರೆ ಉಳಿದವರು ಒಂದಲ್ಲ ಒಂದು ಬಗೆಯಲ್ಲಿ, ಮಾತು ಕಟ್ಟಬೇಕಾದರೆ ಕೊಡುವವನಿಗೆ ಬೇಡವೆನ್ನುವ ಶಕ್ತಿ ಇರಬೇಕೆಂಬುದರ ಕಡೆಗೆ ಬೆರಳು ತೋರಿಸಿದ್ದಾರೆ. ಆ ಶಕ್ತಿಯಿಲ್ಲದ ಅಡಿಯನು ಓಡಿಹೋದುದರಲ್ಲಿ ತಪ್ಪಿಲ್ಲ. ತಪ್ಪು ಆ ಮಾತನ್ನು ತೆಗೆದುಕೊಂಡವನದು. ಇದು ನಮ್ಮ ನಿರ್ಣಯ. ಇವರಲ್ಲಿ ಅನೇಕರು ತಮ್ಮ ಕಾಲದ ದಾಸನನ್ನು ಲೆಕ್ಕದಿಂದ ಹೊರಗಿಟ್ಟರು. ಮತವು ದೊಡ್ಡದೆಂದು ಮತಸ್ಥಾಪಕನ ಕುರುಡನ್ನು ಮುಚ್ಚಬಾರದು. ಕುರುಡಿದೆಯೆಂದು ಮತವನ್ನು ಎಸೆಯಲೂಬಾರದು. ಮಿಲ್ಲನ ಬೇಲಿಯನ್ನು ಕೀಳಲು ಮಿಲ್ಲನ ವಾದವೆ ಸಾಕು.

ನಮ್ಮ ಮನೆಯ ಕಡೆಗೆ ತಿರುಗಿದರೆ, ದೋಷವು ಪುಣ್ಯಕೋಟಿಯ ಕಥೆಯಲ್ಲಿಲ್ಲ, ನಾವು ಅದನ್ನು ಹೇಳಿಕೊಡುವ ಬಗೆಯಲ್ಲಿದೆ. ಹಸುವಿನ ಸತ್ಯವನ್ನು ಹೊಗಳಿ ಪಾಠವನ್ನು ಮುಗಿಸುತ್ತೇವೆ. ಕಥೆಯಾದರೋ ಅಲ್ಲಿಗೆ ಮುಗಿಯುವುದಿಲ್ಲ. ಮಾತನ್ನು ತೆಗೆದುಕೊಂಡ ಹುಲಿ ತನ್ನ ಕೃತ್ಯಕ್ಕೆ ತಾನೆ ನಾಚಿ ಪ್ರಾಣ ಬಿಟ್ಟಿತು. ಸತ್ಯದ ಪರೀಕ್ಷೆ ಇಬ್ಬರಿಗೂ ನಡೆಯಿತೆಂಬುದು ಕಥೆಯ ಹುರುಳು. ವಳ್ಳಿಯೂರುಕಾವಿನಲ್ಲಿ ವರ್ಷವರ್ಷವೂ ಹಸು ಮಾತಿನಂತೆ ಮರಳಿ ಬಂದಿತು, ಹುಲಿ ನಾಚಲಿಲ್ಲ. ಮಲಯಾಳದ ಲೇಖಕರು ಇದನ್ನು ಗಮನಿಸಿದ್ದಾರೆ. ಪಿ. ವತ್ಸಲ ಅವರ ‘ನೆಲ್ಲ್’ (೧೯೭೨) ಕಾದಂಬರಿ, ಕೆ. ಜೆ. ಬೇಬಿಯವರ ‘ಮಾವೇಲಿಮನ್ಱಂ’ (೧೯೯೧) ಈ ಜನರ ಬಾಳನ್ನು ಸಾಹಿತ್ಯಕ್ಕೆ ತಂದಿವೆ. ಗಡಿಯ ಈಚೆಗಿರುವ ನಾವು ಅವುಗಳನ್ನು ಓದಬೇಕಾದುದು ಅವಶ್ಯ.

೨೦೧೧ರ ಜನಗಣತಿಯಂತೆ ವಯನಾಡಿನ ಜನರಲ್ಲಿ ನೂರಕ್ಕೆ ೧೮.೫ರಷ್ಟು ಮಂದಿ ಆದಿವಾಸಿಗಳು. ನಿಲ್ಪುಪಣ ಹಿಡಿದವರ ಮೊಮ್ಮಕ್ಕಳು ಇಂದು ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದಾರೆ. ಅವರ ಮುಂದೆ ನಿಂತು ಹರಿಶ್ಚಂದ್ರನ ಪಾಠವನ್ನಾಗಲಿ ಕಾಂಟನ ಪಾಠವನ್ನಾಗಲಿ ಮಾಡುವ ಅಧ್ಯಾಪಕನು, ಮಾತು ಕೊಟ್ಟವನ ಹೊಣೆಯನ್ನು ಹೇಳಿದಷ್ಟೆ ಸ್ಪಷ್ಟವಾಗಿ ಮಾತು ತೆಗೆದುಕೊಂಡವನ ಹೊಣೆಯನ್ನೂ ಹೇಳಬೇಕು. ಇಲ್ಲವಾದರೆ, ತನ್ನ ಅಜ್ಜನು ಓಡಿಹೋದುದನ್ನು ಮನೆಯಲ್ಲಿ ಕೇಳಿಬಂದ ಮಗುವೊಂದು ಆ ತರಗತಿಯಲ್ಲಿ ತಲೆತಗ್ಗಿಸಿ ಕುಳಿತೀತು. ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ವೃತ್ತಿಯ ಮೊದಲನೆಯ ನೀತಿಯೆಂದು ನಾವು ತಿಳಿದಿದ್ದೇವೆ.